ಬ್ಯಾಬಿಲೋನಿನ ನಕ್ಷತ್ರದ ಹೆಸರು ಓದುವುದು, ನಮ್ಮ ಕೆರೆ ಏರಿಯ ಮೇಲೆ ನಿಂತು ಗುರುತಿಸುವುದು

ಮುಲ್.ಮುಲ್ ಅಂದರೆ ನಮ್ಮ ಕೃತ್ತಿಕೆ. ಮುಲ್.ಅಪಿನ್ ಅಂದರೆ ನೇಗಿಲು ನಕ್ಷತ್ರ. ಲು.ಖುನ್.ಗ ಅಂದರೆ ಕೂಲಿಯಾಳು. ಕಿವಿಗೆ ಒರಟಾಗಿ ಕೇಳುವ ಈ ಹೆಸರುಗಳನ್ನು ಬಿಡಿಸಿ ನೋಡಿದರೆ ಒಳಗಿರುವುದು ಗೂಳಿ, ಗಾಡಿ, ಸಾಲು, ತಕ್ಕಡಿ, ಆಡು, ಹೊಲ, ಕುರಿಗಾಹಿ. ಈಗಿನ ಇರಾಕಿನ ಎರಡು ನದಿಗಳ ಬಯಲಿನಲ್ಲಿ ಬಾರ್ಲಿ ಬೆಳೆದ ಜನ ಆಕಾಶಕ್ಕೆ ಇಟ್ಟ ಹೆಸರುಗಳಿವು. ರಾಗಿ ಹೊಲ ಕಂಡವರಿಗೆ ಅರ್ಥ ಹಿಡಿಯುವುದು ಕಷ್ಟವಲ್ಲ. ಕಷ್ಟವಿರುವುದು ಬರವಣಿಗೆಯ ಕ್ರಮದಲ್ಲಿ, ಮತ್ತು ಮೂರು ಸಾವಿರ ವರ್ಷದಲ್ಲಿ ಆಕಾಶ ಸರಿದಿರುವುದರಲ್ಲಿ. ಈ ಎರಡನ್ನೂ ದಾಟುವ ದಾರಿ ಇಲ್ಲಿದೆ. ದಿಕ್ಕು, ಎತ್ತರ, ಗಂಟೆಗಳೆಲ್ಲ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರಕ್ಕೆ ಹೊಂದಿಸಿ ಕೊಟ್ಟಿರುವಂಥವು. ಮೂರೂ ಊರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಒಂದೇ ಲೆಕ್ಕ ಸಾಕು.

ಹೆಸರುಗಳ ಮುಖ್ಯ ಆಧಾರ ಮುಲ್.ಅಪಿನ್ ಎಂಬ ಪಟ್ಟಿ. ಎರಡು ಜೇಡಿಮಣ್ಣಿನ ಹಲಗೆಗಳಲ್ಲಿ ಬೆಣೆಲಿಪಿಯಲ್ಲಿ ಬರೆದದ್ದು. ಒಟ್ಟುಗೂಡಿದ್ದು ಸುಮಾರು ಕ್ರಿ.ಪೂ. 1000ರ ಆಸುಪಾಸು, ಕಾಲ ನಮೂದಾಗಿರುವ ಅತಿ ಹಳೆಯ ಪ್ರತಿ ಕ್ರಿ.ಪೂ. 686ರದು. ಪಟ್ಟಿ ಶುರುವಾಗುವುದೇ ನೇಗಿಲಿನಿಂದ, ಅದಕ್ಕೇ ಆ ಹೆಸರು.

ಮೊದಲು ಹೆಸರನ್ನು ಬಿಡಿಸಿ

ಬ್ಯಾಬಿಲೋನಿನವರು ಆಡುತ್ತಿದ್ದ ಭಾಷೆ ಅಕ್ಕಾಡಿಯನ್. ಆದರೆ ಬರೆಯುವಾಗ ಅದಕ್ಕಿಂತ ಹಳೆಯ ಸುಮೇರಿಯನ್ ಭಾಷೆಯ ಚಿಹ್ನೆಗಳನ್ನು ಸಂಕೇತದ ಹಾಗೆ ಬಳಸುತ್ತಿದ್ದರು. ನಾವು ₹ ಎಂದು ಬರೆದು 'ರೂಪಾಯಿ' ಎಂದು ಓದುತ್ತೇವಲ್ಲ, ಹಾಗೆಯೇ. ಮುಲ್.ಮುಲ್ ಎಂದು ಬರೆದು 'ಜಪ್ಪು' ಎಂದು ಓದುತ್ತಿದ್ದರು. ಜಪ್ಪು ಎಂದರೆ ಬಿರುಗೂದಲು. ಹಾಗಾಗಿ ಒಂದು ನಕ್ಷತ್ರಕ್ಕೆ ಎರಡು ಹೆಸರು ಸಿಕ್ಕರೆ ಒಂದು ತಪ್ಪು ಅಂದುಕೊಳ್ಳಬೇಡಿ. ನಡುವೆ ಚುಕ್ಕಿ ಇಟ್ಟು ಬರೆದದ್ದು ಚಿಹ್ನೆ, ಕೂಡಿಸಿ ಬರೆದದ್ದು ಅಕ್ಕಾಡಿಯನ್ ಉಚ್ಚಾರ.

ಬಿಡಿಸುವ ಕ್ರಮ ಹೀಗೆ. ಹೆಸರಿನ ಮೊದಲಿಗೆ 'ಮುಲ್' ಇದ್ದರೆ ಅದನ್ನು ಬದಿಗಿಡಿ. ಮುಂದೆ ಬರುವುದು ನಕ್ಷತ್ರದ ಹೆಸರು ಎಂದು ಸೂಚಿಸುವ ಗುರುತು ಅದು, ಬಾಯಲ್ಲಿ ಹೇಳುವಂಥದ್ದಲ್ಲ. ಆಮೇಲೆ ಚುಕ್ಕಿ ಇರುವ ಕಡೆ ಒಡೆಯಿರಿ. ಕೊನೆಯಲ್ಲಿ 'ಅನ್.ನ' ಬಂದರೆ 'ಆಕಾಶದ' ಎಂದು ತೆಗೆದುಕೊಳ್ಳಿ. ಅನ್ ಎಂದರೆ ಆಕಾಶ, ಆಕಾಶದ ದೇವರ ಹೆಸರೂ ಅದೇ. ಒಂದೇ ಮಾತು ಎರಡು ಸಲ ಬಂದರೆ ಅದು ಬಹುವಚನ. ಮುಲ್ ಎಂದರೆ ನಕ್ಷತ್ರ, ಹಾಗಾಗಿ ಮುಲ್.ಮುಲ್ 'ನಕ್ಷತ್ರಗಳು'; ಅಲ್ಲಿ ಮಾತ್ರ ಮೊದಲ ಮುಲ್ ಬದಿಗಿಡಬೇಡಿ.

ಈಗ ಸಿಪ.ಜಿ.ಅನ್.ನ ತೆಗೆದುಕೊಳ್ಳಿ. ಸಿಪ ಕುರಿಗಾಹಿ, ಜಿ ನಿಜವಾದ, ಅನ್.ನ ಆಕಾಶದ. ಕೂಡಿಸಿದರೆ 'ಆಕಾಶದ ನಿಜವಾದ ಕುರಿಗಾಹಿ'. ಮೃಗಶಿರ, ಆರ್ದ್ರೆಗಳಿರುವ ಮಹಾವ್ಯಾಧ ಪುಂಜ ಇದೇ. ಮಶ್.ತಬ್.ಬ.ಗಲ್.ಗಲ್ ಎಂಬಲ್ಲಿ ಮಶ್.ತಬ್.ಬ ಅವಳಿ, ಗಲ್ ದೊಡ್ಡದು. ನಾವು 'ದೊಡ್ಡ ದೊಡ್ಡ ಮರ' ಅನ್ನುವ ಹಾಗೆ ಗಲ್.ಗಲ್ ಎಂದಿದ್ದಾರೆ: ದೊಡ್ಡ ಅವಳಿಗಳು, ನಮ್ಮ ಪುನರ್ವಸುವಿನ ಎರಡು ನಕ್ಷತ್ರ. ಪಕ್ಕದಲ್ಲೇ ತುರ್.ತುರ್, ಅಂದರೆ ಚಿಕ್ಕ ಅವಳಿಗಳೂ ಇವೆ. ಉರ್.ಬರ್.ರದಲ್ಲಿ ಉರ್ ನಾಯಿ, ಬರ್ ಹೊರಗಿನದು. ಹೊರಗಿನ ನಾಯಿ ಎಂದರೆ ತೋಳ. ಉರ್.ಗು.ಲದಲ್ಲಿ ಗು.ಲ ಎಂದರೆ ದೊಡ್ಡ; ದೊಡ್ಡ ಮೃಗ, ಸಿಂಹ.

ಹೊಸಬರು ಎಡವುವುದು ಇಲ್ಲಿಯೇ. ಬೆಣೆಲಿಪಿಯಲ್ಲಿ ಒಂದೇ ಉಚ್ಚಾರದ ಹಲವು ಚಿಹ್ನೆಗಳಿವೆ. ಅವನ್ನು ಬೇರ್ಪಡಿಸಲು ವಿದ್ವಾಂಸರು ಅಂಕಿ ಹಾಕುತ್ತಾರೆ. ಗು4 ಎಂದರೆ ಎತ್ತು, ಗೂಳಿ. ಅಂಕಿ ಇಲ್ಲದ ಗು ಎಂದರೆ ನೂಲು. ಗು4.ಅನ್.ನ ಆಕಾಶದ ಗೂಳಿ, ನಮ್ಮ ವೃಷಭ. ಅದನ್ನು ಕಲಿತ ಉತ್ಸಾಹದಲ್ಲಿ ಗು.ಲದಲ್ಲೂ ಗೂಳಿ ಹುಡುಕಿದರೆ ಕುಂಭ ರಾಶಿ ವೃಷಭವಾಗಿಬಿಡುತ್ತದೆ, ಏಕೆಂದರೆ ಗು.ಲ, 'ದೊಡ್ಡವನು', ಕುಂಭದ ಹೆಸರು. ನೋಟ್‌ಬುಕ್ಕಿಗೆ ಇಳಿಸುವಾಗ ಅಂಕಿ ಬಿಡಬೇಡಿ.

ಇನ್ನೊಂದು ಎಚ್ಚರ. ಗಲ್.ಗಲ್, 'ದೊಡ್ಡ ದೊಡ್ಡ' ಹೋಲಿಕೆ ನೆನಪಿಗೆ ಒಳ್ಳೆಯದು, ಅಷ್ಟೇ. ಸುಮೇರಿಯನ್ ಭಾಷೆಗೆ ಖಚಿತವಾದ ನೆಂಟ ಭಾಷೆ ಯಾವುದೂ ಇಲ್ಲ. ಅದು ಹಳಗನ್ನಡದ ಅಜ್ಜಿ ಎಂದು ಮೊಬೈಲಿನಲ್ಲಿ ಹರಿದಾಡುವ ಮಾತನ್ನು ಪುಸ್ತಕಕ್ಕೆ ಸೇರಿಸಬೇಡಿ. ಎರಡು ಭಾಷೆಗೂ ಅದರಿಂದ ಅನ್ಯಾಯ.

ಬೇಕಾದ ಸಾಮಾನು, ನಿಲ್ಲುವ ಜಾಗ

200 ಪುಟದ ಉದ್ದ ನೋಟ್‌ಬುಕ್ ಒಂದು. ಪ್ರತಿ ಹೆಸರಿಗೆ ಒಂದು ಪುಟ, ಪುಟಕ್ಕೆ ಐದು ಸಾಲು: ಚಿಹ್ನೆಯ ಹೆಸರು, ಅಕ್ಕಾಡಿಯನ್ ಹೆಸರು, ಅರ್ಥ, ನಮ್ಮ ಹೆಸರು, ನೀವೇ ಕಂಡ ದಿನ ಮತ್ತು ಗಂಟೆ. ಐದನೆಯ ಸಾಲು ತುಂಬುವವರೆಗೆ ಆ ಹೆಸರು ನಿಮ್ಮದಾಗಿಲ್ಲ. ಟಾರ್ಚಿನ ಬಾಯಿಗೆ ಕೆಂಪು ಗಾಜುಕಾಗದ ಎರಡು ಸುತ್ತು ಕಟ್ಟಿ. ಕತ್ತಲಿಗೆ ಕಣ್ಣು ಹೊಂದಿಕೊಳ್ಳಲು 20 ನಿಮಿಷವಾದರೂ ಬೇಕು. ನಡುವೆ ಒಂದು ಸಲ ಮೊಬೈಲಿನ ಬಿಳಿ ಪರದೆ ನೋಡಿದರೆ ಮತ್ತೆ ಮೊದಲಿಂದ ಕಾಯಬೇಕು.

ಅಳತೆಗೆ ಕೈ ಸಾಕು. ತೋಳು ಪೂರ್ತಿ ಚಾಚಿ ಹಿಡಿದ ಮುಷ್ಟಿ ಸುಮಾರು 10 ಡಿಗ್ರಿ, ನಡುವಿನ ಮೂರು ಬೆರಳು 5, ಕಿರುಬೆರಳು 1. ಧ್ರುವ ನಕ್ಷತ್ರ ನಮ್ಮಲ್ಲಿ ದಿಗಂತದಿಂದ 13 ಡಿಗ್ರಿ ಮೇಲೆ, ಅಂದರೆ ಒಂದು ಮುಷ್ಟಿ, ಮೂರು ಕಿರುಬೆರಳು. ಬ್ಯಾಬಿಲೋನ್ ಇರುವುದು 32 ಡಿಗ್ರಿ 32 ನಿಮಿಷ ಉತ್ತರದಲ್ಲಿ. ಈ 19 ಡಿಗ್ರಿ ವ್ಯತ್ಯಾಸ ಮುಂದೆ ಮತ್ತೆ ಮತ್ತೆ ಬರುತ್ತದೆ.

ಜಾಗಕ್ಕಾಗಿ ಬೆಟ್ಟ ಹತ್ತಬೇಕಿಲ್ಲ. ಊರ ಕೆರೆಯ ಏರಿ ಎಲ್ಲಕ್ಕಿಂತ ಒಳ್ಳೆಯದು: ಒಂದು ಕಡೆ ನೀರು ಅಥವಾ ಬಯಲು, ಇನ್ನೊಂದು ಕಡೆ ಗದ್ದೆ, ದಿಗಂತ ಎರಡೂ ಕಡೆ ತೆರೆದಿರುತ್ತದೆ. ಬೆಂಗಳೂರಿನ ಬೆಳಕಿನ ಮಬ್ಬು ಯಾವ ದಿಕ್ಕಿಗೆ ಬೀಳುತ್ತದೆ ಎಂಬುದನ್ನು ಮಾತ್ರ ನೋಡಿಕೊಳ್ಳಿ. ಕೋಲಾರಕ್ಕೆ ಅದು ಪಶ್ಚಿಮ, ಹಾಗಾಗಿ ಮುಳುಗುವ ನಕ್ಷತ್ರ ಕೆಡುತ್ತದೆ, ಹುಟ್ಟುವುದು ಚೆನ್ನಾಗಿ ಕಾಣುತ್ತದೆ. ಚಿಕ್ಕಬಳ್ಳಾಪುರಕ್ಕೆ ದಕ್ಷಿಣ, ಚೇಳು ಮುಂತಾದ ತಗ್ಗಿನ ನಕ್ಷತ್ರಗಳಿಗೆ ತೊಂದರೆ. ತುಮಕೂರಿಗೆ ಆಗ್ನೇಯ, ಚೇಳು ಹುಟ್ಟುವ ಮೂಲೆಯೇ ಮಬ್ಬು. ಪಾವಗಡ, ಗುಡಿಬಂಡೆ, ಬಾಗೇಪಲ್ಲಿ, ಶ್ರೀನಿವಾಸಪುರದ ಕಡೆಯವರಿಗೆ ಈ ಚಿಂತೆ ಕಡಿಮೆ. ಅಮಾವಾಸ್ಯೆಯ ಹಿಂದೆ ಮುಂದೆ ಐದೈದು ದಿನ ಆರಿಸಿಕೊಳ್ಳಿ.

ಗುರುತಿಸುವ ಕ್ರಮ

ಪಟ್ಟಿಯ ಕ್ರಮದಲ್ಲಿ ಹೋಗಬೇಡಿ. ಅದರ ಮೊದಲ ಹೆಸರಾದ ನೇಗಿಲು ಮಂಕು ನಕ್ಷತ್ರಗಳಿಂದಾದದ್ದು, ಅಲ್ಲಿಂದ ಶುರುಮಾಡಿದವರು ಎರಡನೇ ರಾತ್ರಿಗೆ ಬರುವುದಿಲ್ಲ. ಜನವರಿಯ ಕೊನೆಯ ವಾರ, ರಾತ್ರಿ ಎಂಟೂವರೆಗೆ ಶುರುಮಾಡಿ.

ಕತ್ತು ಪೂರ್ತಿ ಹಿಂದಕ್ಕೆ ಬಾಗಿಸಿ. ನೆತ್ತಿಯ ಮೇಲೆ ಕಿತ್ತಳೆ ಬಣ್ಣದಲ್ಲಿ ಹೊಳೆಯುವುದು ರೋಹಿಣಿ. ಬ್ಯಾಬಿಲೋನಿನವರಿಗೆ ಅದು, ಸುತ್ತಲಿನ ವಿ ಆಕಾರದ ಗುಂಪಿನ ಜೊತೆ, 'ಗೂಳಿಯ ದವಡೆ'. ಅಕ್ಕಾಡಿಯನ್‌ನಲ್ಲಿ ಇಸ್ ಲೆ. ಅದರ ಪಶ್ಚಿಮಕ್ಕೆ ಒಂದೂವರೆ ಮುಷ್ಟಿ ದೂರದ ಗೊಂಚಲು ಮುಲ್.ಮುಲ್. ಎಷ್ಟು ಎಣಿಸಿದಿರಿ ಎಂದು ಅಲ್ಲೇ ಬರೆಯಿರಿ. ಬರಿಗಣ್ಣಿಗೆ ಆರು ಸಿಕ್ಕುವುದು ಸಾಮಾನ್ಯ. ಅವರು ಅದನ್ನು ಏಳು ದೇವರ ಗುಂಪು ಎಂದರು, ನಾವು ಆರು ಕೃತ್ತಿಕೆಯರು ಎಂದೆವು. ರೋಹಿಣಿಯಿಂದ ಆಗ್ನೇಯಕ್ಕೆ ಇಳಿದರೆ ಮೂರು ನಕ್ಷತ್ರದ ನಡುಪಟ್ಟಿ ಕಟ್ಟಿದ ಕುರಿಗಾಹಿ. ಪಟ್ಟಿಯ ಗೆರೆಯನ್ನೇ ಇನ್ನೂ ಕೆಳಕ್ಕೆ ಎಳೆದರೆ ಆಕಾಶದಲ್ಲೇ ಅತಿ ಪ್ರಕಾಶಮಾನವಾದ ಲುಬ್ಧಕ. ಅವರಿಗೆ ಅದು ಕಕ್.ಸಿ.ಸಾ, ಅಕ್ಕಾಡಿಯನ್‌ನಲ್ಲಿ ಷುಕೂದು: ಬಾಣ. ಅದರ ಕೆಳಗಿನ ನಕ್ಷತ್ರಗಳು ಬನ್, ಬಿಲ್ಲು. ನಮ್ಮ ವೇದಕಾಲದ ಕಥೆಯಲ್ಲೂ ಇಲ್ಲೊಂದು ಬಾಣ ಇದೆ, ಆದರೆ ಅದು ಜಿಂಕೆಗೆ ನಾಟಿದ ನಡುಪಟ್ಟಿಯ ಮೂರು ನಕ್ಷತ್ರ. ಲುಬ್ಧಕ ಬಾಣ ಬಿಟ್ಟ ಬೇಡ. ಎರಡು ಬಾಣಗಳನ್ನು ಒಂದೇ ಪುಟಕ್ಕೆ ಸೇರಿಸಿ ಗೊಂದಲ ಮಾಡಿಕೊಳ್ಳಬೇಡಿ.

ಏಪ್ರಿಲ್ ಎರಡನೇ ವಾರ, ರಾತ್ರಿ ಒಂಬತ್ತಕ್ಕೆ ಮತ್ತೆ ಅದೇ ಏರಿಗೆ ಬನ್ನಿ. ಈಗ ನೆತ್ತಿಯಲ್ಲಿರುವುದು ಮಘೆ. ಅದರ ಹೆಸರು ಲುಗಲ್, ಅಕ್ಕಾಡಿಯನ್‌ನಲ್ಲಿ ಷರ್ರು: ಅರಸ. ಸಿಂಹದ ಎದೆಯಲ್ಲಿ ಕೂತಿದ್ದಾನೆ. ಕೋಲಾರದಲ್ಲಿ ಈ ನಕ್ಷತ್ರ ನೆತ್ತಿಯಿಂದ ದಕ್ಷಿಣಕ್ಕೆ ಒಂದು ಕಿರುಬೆರಳಿನಷ್ಟೇ ಸರಿದು ದಾಟುತ್ತದೆ. ನೆಲದಲ್ಲಿ ಚಾಪೆ ಹಾಸಿ ಮಲಗಿಯೇ ನೋಡಬೇಕು. ಅದೇ ಹೊತ್ತಿಗೆ ಉತ್ತರದಲ್ಲಿ ಸಪ್ತರ್ಷಿಮಂಡಲ ಏರುತ್ತಿರುತ್ತದೆ. ಮೇ ಮೊದಲ ವಾರಕ್ಕೆ ಅದು ಉತ್ತರ ದಿಗಂತದಿಂದ ನಾಲ್ಕೈದು ಮುಷ್ಟಿ ಮೇಲೆ ನೇರ ನಿಲ್ಲುತ್ತದೆ. ಅವರಿಗದು ಮರ್.ಗಿದ್.ದ, ಗಾಡಿ, ಅಕ್ಕಾಡಿಯನ್ ಹೆಸರು ಎರೆಕ್ಕು. ನಾಲ್ಕು ನಕ್ಷತ್ರ ಗಾಡಿಯ ಚೌಕ, ಮೂರು ಮೂಕಿ. ಬ್ಯಾಬಿಲೋನಿನಲ್ಲಿ ಗಾಡಿ ಎಂದೂ ಮುಳುಗುತ್ತಿರಲಿಲ್ಲ, ಧ್ರುವದ ಸುತ್ತ ವರ್ಷವಿಡೀ ಸುತ್ತುತ್ತಿತ್ತು. ನಮ್ಮಲ್ಲಿ ಅದು ಮುಳುಗುತ್ತದೆ, ಅಕ್ಟೋಬರ್ ಸಂಜೆಗೆ ಹುಡುಕಿದರೆ ಸಿಗುವುದಿಲ್ಲ.

ಮೂಕಿಯ ಬಾಗನ್ನು ಹಾಗೇ ಮುಂದಕ್ಕೆ ಎಳೆಯಿರಿ: ಮೊದಲು ಸ್ವಾತಿ, ಆಮೇಲೆ ಚಿತ್ತೆ. ಸ್ವಾತಿ ಶು.ಪ, ದೇವತೆಗಳ ದೊರೆ ಎನ್‌ಲಿಲ್‌ನ ನಕ್ಷತ್ರ. ಚಿತ್ತೆ ಅಬ್.ಸಿನ್, ನೇಗಿಲ ಸಾಲು. ಶಲಾ ಎಂಬ ದೇವತೆ ಧಾನ್ಯದ ತೆನೆ ಹಿಡಿದು ನಿಂತ ಜಾಗ. ಆಮೇಲೆ ಅದು ಕನ್ಯಾ ರಾಶಿಯಾಯಿತು, ತೆನೆ ಕೈಯಲ್ಲಿ ಉಳಿಯಿತು. ಸೀತೆ ಎಂಬ ಹೆಸರಿನ ಅರ್ಥವೂ ನೇಗಿಲ ಸಾಲೇ ಎಂಬುದು ಬಲ್ಲವರಿಗೆ ಈ ಪುಟ ಮರೆಯುವುದಿಲ್ಲ. ಚಿತ್ತೆಯ ಪಕ್ಕ ನೈಋತ್ಯಕ್ಕೆ ಓರೆ ಚೌಕವಾಗಿ ನಿಂತ ಹಸ್ತ ಅವರಿಗೆ ಉಗ, ಕಾಗೆ. ಕಾಗೆ ಕೂತಿರುವುದು ಮುಶ್, ಅಂದರೆ ಹಾವಿನ ಬಾಲದ ಮೇಲೆ. ಆ ಹಾವಿನ ಹೆಡೆ ನಮ್ಮ ಆಶ್ಲೇಷ.

ಚೇಳಿಗೆ ಜೂನ್, ಜುಲೈ ಸಂಜೆ ಎಂದು ಪುಸ್ತಕಗಳು ಹೇಳುತ್ತವೆ. ನಮ್ಮಲ್ಲಿ ಆಗ ಮೋಡ. ಮಾರ್ಚ್ ಮಧ್ಯದಲ್ಲಿ ಬೆಳಗಿನ ಜಾವ ಐದಕ್ಕೆ ಎದ್ದರೆ ಗಿರ್.ತಬ್ ದಕ್ಷಿಣದಲ್ಲಿ ಬಾಲ ಸುತ್ತಿ ನಿಂತಿರುತ್ತದೆ. ಐದು ಮುಷ್ಟಿ ಎತ್ತರದ ಕೆಂಪು ನಕ್ಷತ್ರ ಜ್ಯೇಷ್ಠೆ, ಅವರ ಮಾತಿನಲ್ಲಿ 'ಚೇಳಿನ ಎದೆ'. ಅದರ ಪಶ್ಚಿಮಕ್ಕೆ ಜಿಬಾನೀತು, ತಕ್ಕಡಿ. ಇದೇ ನಕ್ಷತ್ರಗಳನ್ನು 'ಚೇಳಿನ ಕೊಂಬು' ಎಂದೂ ಕರೆದರು. ಒಂದೇ ಜಾಗಕ್ಕೆ ಎರಡು ಹೆಸರಿರುವ ಪುಟವಿದು, ಹೊಡೆದುಹಾಕಬೇಡಿ.

ನವೆಂಬರ್ ಮೂರನೇ ವಾರ, ರಾತ್ರಿ ಎಂಟರ ಸುಮಾರಿಗೆ ನೆತ್ತಿಯ ಹತ್ತಿರ ಖಾಲಿ ಚೌಕವೊಂದು ಕಾಣುತ್ತದೆ, ಬದಿಗೆ ಒಂದೂವರೆ ಮುಷ್ಟಿ. ನಮ್ಮ ಪೂರ್ವಾಭಾದ್ರ, ಉತ್ತರಾಭಾದ್ರಗಳು ಸೇರಿದ್ದು. ನಮ್ಮವರು ಮಂಚದ ಕಾಲು ಎಂದರು. ಅವರು ಅಶ್.ಇಕು ಎಂದರು: ಒಂದು ಇಕು ಹೊಲ. ಇಕು ಎಂಬುದು ಅವರ ಭೂಮಿ ಅಳತೆ, ಸುಮಾರು 60 ಮೀಟರ್ ಉದ್ದ, 60 ಮೀಟರ್ ಅಗಲ. ನಮ್ಮ ಲೆಕ್ಕದಲ್ಲಿ 36 ಗುಂಟೆಗೆ ಕೊಂಚ ಕಡಿಮೆ, ಎಕರೆಗೆ ನಾಲ್ಕು ಗುಂಟೆ ಕೊರತೆ. ಆ ಚೌಕವನ್ನು ಪಹಣಿಯ ನಕ್ಷೆಯ ಹಾಗೆ ನೋಟ್‌ಬುಕ್ಕಿನಲ್ಲಿ ಬಿಡಿಸಿ, ನಾಲ್ಕು ಮೂಲೆಗೂ ಗುರುತು ಹಾಕಿ.

ಹೊಲ ಸಿಕ್ಕಿದ ಮೇಲೆ ನೇಗಿಲು ಹುಡುಕಬಹುದು. ಹೊಲದ ಈಶಾನ್ಯ ಮೂಲೆಯಿಂದ ಹೊರಟ ನಕ್ಷತ್ರಸಾಲಿನ ಕೊನೆಯ ಪ್ರಕಾಶದ ನಕ್ಷತ್ರ, ಅದರ ಕೆಳಗಿನ ಕಿರಿದಾದ ತ್ರಿಕೋನ, ಎರಡೂ ಸೇರಿ ಅಪಿನ್. ಇದು ಬರೀ ಉಳುವ ನೇಗಿಲಲ್ಲ. ಮೆಸೊಪಟೇಮಿಯದ ಅಪಿನ್‌ಗೆ ನೆಟ್ಟಗೆ ಒಂದು ಕೊಳವೆ, ಮೇಲೆ ಬೀಜ ಹಾಕುವ ಬಟ್ಟಲು. ಸಾಲು ಬೀಳುತ್ತಿದ್ದಂತೆ ಕಾಳೂ ಬೀಳುತ್ತಿತ್ತು. ನಮ್ಮ ಕೂರಿಗೆಯ ಕೆಲಸವೇ. ಹಾಗಾಗಿ ಅರ್ಥದ ಸಾಲಿನಲ್ಲಿ 'ನೇಗಿಲು' ಎಂದು ಬರೆದು ಪಕ್ಕದಲ್ಲಿ 'ಕೂರಿಗೆ' ಎಂದೂ ಸೇರಿಸಿದರೆ ಸರಿಯಾಗುತ್ತದೆ. ಅದರ ದಕ್ಷಿಣಕ್ಕೆ ಅಶ್ವಿನಿ ಇರುವ ಮೇಷದ ಜಾಗದಲ್ಲಿ ಲು.ಖುನ್.ಗ, ಕೂಲಿಯಾಳು. ಆಳು ಕುರಿಯಾದದ್ದು ಹೇಗೆ? ಸುಮೇರಿಯನ್‌ನಲ್ಲಿ ಮನುಷ್ಯ ಎಂಬುದಕ್ಕೂ ಕುರಿ ಎಂಬುದಕ್ಕೂ 'ಲು' ಎಂಬ ಒಂದೇ ಉಚ್ಚಾರದ ಎರಡು ಚಿಹ್ನೆಗಳಿವೆ. ಒಂದರ ಬದಲು ಇನ್ನೊಂದು ಬಂತು ಎನ್ನುವುದು ವಿದ್ವಾಂಸರ ವಿವರಣೆ.

ಗ್ರಹಗಳನ್ನು ಬೇಗ ಮುಗಿಸಬಹುದು. ಶುಕ್ರ ದಿಲ್ಬತ್, ಕುಜ ಸಲ್ಬತಾನು, ಶನಿ ಕಯ್ಯಮಾನು. ಕಯ್ಯಮಾನು ಎಂದರೆ ಸ್ಥಿರವಾದವನು. ನಮ್ಮ ಶನೈಶ್ಚರ, ಮೆಲ್ಲಗೆ ನಡೆಯುವವನು, ಅದೇ ಗುಣದ ಹೆಸರು. ನಿಬಿರು ಎಂಬ ಗುಪ್ತ ಗ್ರಹ ಭೂಮಿಗೆ ಅಪ್ಪಳಿಸುತ್ತದೆ ಎಂಬ ವಿಡಿಯೊ ಕಂಡರೆ ಮುಲ್.ಅಪಿನ್ ನೆನಪಿಸಿಕೊಳ್ಳಿ: ಅಲ್ಲಿ ನಿಬಿರು ಮಾರ್ದುಕ್ ದೇವರ ನಕ್ಷತ್ರ, ಗುರುಗ್ರಹದ ಜೊತೆ ಸೇರಿದ ಹೆಸರು. ನೋಡುವಾಗ ನಿಮ್ಮ ಪುಂಜದಲ್ಲಿ ಒಂದು ನಕ್ಷತ್ರ ಹೆಚ್ಚಾಗಿ, ಮಿನುಗದೆ ನಿಂತಿದ್ದರೆ ಅದು ಗ್ರಹ.

ಮಳೆ ನಕ್ಷತ್ರದ ತಪ್ಪು

ಮುಲ್.ಅಪಿನ್‌ನಲ್ಲಿ ಪ್ರತಿ ನಕ್ಷತ್ರ ಯಾವ ತಿಂಗಳ ಯಾವ ದಿನ ಕಾಣಿಸಿಕೊಳ್ಳುತ್ತದೆ ಎಂಬ ಪಟ್ಟಿ ಇದೆ. ಅವರ ಮೊದಲ ತಿಂಗಳಾದ ನಿಸಾನು ಮೊದಲ ದಿನ ಕೂಲಿಯಾಳು, ಎರಡನೇ ತಿಂಗಳಾದ ಅಯ್ಯಾರು ಮೊದಲ ದಿನ ಮುಲ್.ಮುಲ್, ನಾಲ್ಕನೇ ತಿಂಗಳಾದ ದೂಜು 15ಕ್ಕೆ ಬಾಣ. ಕಾಣಿಸಿಕೊಳ್ಳುವುದು ಎಂದರೆ ಸೂರ್ಯನ ಬೆಳಕಿನಲ್ಲಿ ಕೆಲವು ವಾರ ಮರೆಯಾಗಿದ್ದ ನಕ್ಷತ್ರ, ಮುಂಜಾನೆ ಪೂರ್ವದಲ್ಲಿ ಮೊದಲ ಸಲ ಕಣ್ಣಿಗೆ ಬೀಳುವುದು.

ನಮ್ಮ ರೈತರ ಮಳೆ ನಕ್ಷತ್ರದ ಲೆಕ್ಕ ಇದಕ್ಕೆ ತಿರುಗುಮುರುಗು. 'ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ' ಎಂಬಲ್ಲಿ ಸೂರ್ಯನೇ ಭರಣಿಯಲ್ಲಿರುತ್ತಾನೆ, ಹಾಗಾಗಿ ಆ ದಿನಗಳಲ್ಲಿ ಭರಣಿ ಕಾಣುವುದೇ ಇಲ್ಲ. ಕೃತ್ತಿಕೆ ಮಳೆ ಮೇ 11ರ ಸುಮಾರಿಗೆ ಹುಟ್ಟುತ್ತದೆ; ಕೃತ್ತಿಕೆ ಗೊಂಚಲು ಮುಂಜಾನೆ ಕಾಣುವುದು ಜೂನ್ ಎರಡನೇ ವಾರದ ಹೊತ್ತಿಗೆ, ಪಂಚಾಂಗದಲ್ಲಿ ಆಗ ಮೃಗಶಿರ ಮಳೆ. ಕ್ಯಾಲೆಂಡರಿನ ಮಳೆ ನಕ್ಷತ್ರ ನೋಡಿ ಏರಿಗೆ ಹೋದರೆ ಬರಿಗೈಯಲ್ಲಿ ಬರುತ್ತೀರಿ. ಎರಡನ್ನೂ ಬೇರೆ ಬೇರೆ ಬಣ್ಣದ ಪೆನ್ನಿನಲ್ಲಿ ಬರೆಯಿರಿ.

ಮೂರು ದಾರಿಗಳದ್ದೂ ಇಂಥದೇ ಒಂದು ಸೂಕ್ಷ್ಮ. ಪೂರ್ವ ದಿಗಂತದಲ್ಲಿ ನಕ್ಷತ್ರ ಹುಟ್ಟುವ ಜಾಗ ನೋಡಿ ಅವರು ಆಕಾಶವನ್ನು ಮೂವರು ದೇವರ ಹೆಸರಿನಲ್ಲಿ ಮೂರು ಪಾಲು ಮಾಡಿದರು: ಉತ್ತರದ್ದು ಎನ್‌ಲಿಲ್ ದಾರಿ, ನಡುವಿನದು ಅನು ದಾರಿ, ದಕ್ಷಿಣದ್ದು ಏಆ ದಾರಿ. ಅನು ದಾರಿ ಆಕಾಶದ ನಡುಗೆರೆಯಿಂದ (ಭೂಮಧ್ಯರೇಖೆಯ ನೇರಕ್ಕೆ ಆಕಾಶದಲ್ಲಿ ಎಳೆದ ಗೆರೆ) ಎರಡೂ ಕಡೆಗೆ ಸುಮಾರು 17 ಡಿಗ್ರಿ. ಬ್ಯಾಬಿಲೋನಿನ ದಿಗಂತದ ಮೇಲೆ ಅದು ಸಮಪೂರ್ವದಿಂದ 20 ಡಿಗ್ರಿ ಆಗುತ್ತದೆ, ನಮ್ಮಲ್ಲಿ 17ಕ್ಕಿಂತ ಕೊಂಚ ಹೆಚ್ಚು. ಅವರ ಎರಡು ಮುಷ್ಟಿಯನ್ನು ಇಲ್ಲಿ ಹಾಗೇ ಬಳಸಿದರೆ ಅಂಚಿನ ನಕ್ಷತ್ರಗಳು ತಪ್ಪು ದಾರಿಗೆ ಬೀಳುತ್ತವೆ.

ಹಳೆಯ ಆಕಾಶವನ್ನು ತೆರೆಯುವುದು

ಸ್ಟೆಲೇರಿಯಮ್ ಎಂಬ ಉಚಿತ ತಂತ್ರಾಂಶದಲ್ಲಿ ಬ್ಯಾಬಿಲೋನಿನ ನಕ್ಷತ್ರಚಿತ್ರಗಳೇ ಇವೆ. ಸ್ಥಳ 32 ಡಿಗ್ರಿ 32 ನಿಮಿಷ ಉತ್ತರ, 44 ಡಿಗ್ರಿ 25 ನಿಮಿಷ ಪೂರ್ವ ಕೊಡಿ. ವರ್ಷದಲ್ಲಿ ಜನ ತಪ್ಪುತ್ತಾರೆ: ಅದರ ಲೆಕ್ಕದಲ್ಲಿ ಸೊನ್ನೆ ವರ್ಷ ಇದೆ, ಆದ್ದರಿಂದ ಕ್ರಿ.ಪೂ. 1000ಕ್ಕೆ -999 ಎಂದು ಹಾಕಬೇಕು. ದಿನಾಂಕವೂ ಜೂಲಿಯನ್ ಕ್ಯಾಲೆಂಡರಿನದು. ಆಗಿನ ವಸಂತ ವಿಷುವ, ಅಂದರೆ ಹಗಲು ರಾತ್ರಿ ಸಮವಾಗುವ ದಿನ, ಮಾರ್ಚ್ ಕೊನೆಗೆ ಬೀಳುತ್ತದೆ, 21ಕ್ಕೆ ಹುಡುಕಬೇಡಿ. ಮೊದಲು ಆ ವರ್ಷ, ಆಮೇಲೆ ಈ ವರ್ಷ ಇಟ್ಟು ಕೃತ್ತಿಕೆಯನ್ನು ನೋಡಿ. ಆ ದಿನ ಸೂರ್ಯನಿರುವ ಜಾಗ, ವಿಷುವ ಬಿಂದು, 72 ವರ್ಷಕ್ಕೆ ಒಂದು ಡಿಗ್ರಿಯಂತೆ ಸರಿಯುವುದರಿಂದ 3000 ವರ್ಷಕ್ಕೆ ಸುಮಾರು 42 ಡಿಗ್ರಿ, ನಾಲ್ಕು ಮುಷ್ಟಿಗೂ ಹೆಚ್ಚು.

ಯುಗಾದಿಯ ಚಂದ್ರನಿಂದ ಅಧಿಕ ಮಾಸ

ಇದೊಂದನ್ನು ತಪ್ಪದೆ ಮಾಡಿ. ಮುಲ್.ಅಪಿನ್‌ನ ಎರಡನೇ ಹಲಗೆಯಲ್ಲಿ ಒಂದು ಸೂತ್ರವಿದೆ: ನಿಸಾನು ಮೊದಲ ದಿನ ಚಂದ್ರನೂ ಮುಲ್.ಮುಲ್ಲೂ ಸರಿಸಮ ನಿಂತರೆ ವರ್ಷ ಸಾಮಾನ್ಯ. ಮೂರನೆಯ ದಿನ ನಿಂತರೆ ಆ ವರ್ಷ ಅಧಿಕ ಮಾಸ. ಅವರ ತಿಂಗಳು ಸಂಜೆ ಬಿದಿಗೆ ಚಂದ್ರನ ಗೆರೆ ಕಂಡಾಗ ಶುರು. ನಮ್ಮ ಕಡೆ ಯುಗಾದಿಯ ಮಾರನೆಯ ದಿನ, ವರ್ಷದ ತೊಡಕಿನ ಸಂಜೆ ಚಂದ್ರನನ್ನು ನೋಡುವ ರೂಢಿ ಇದ್ದೇ ಇದೆ. ಆ ಸಂಜೆ ಮನೆಯವರೆಲ್ಲ ಪಶ್ಚಿಮಕ್ಕೆ ತಿರುಗಿ ನಿಂತಾಗಲೇ ಅಳತೆ ಶುರುಮಾಡಿ.

ಚಂದ್ರನಿಂದ ಮೇಲಕ್ಕೆ ಕೃತ್ತಿಕೆಗೆ ಎಷ್ಟು ಮುಷ್ಟಿ ಎಂದು ಎಣಿಸಿ ಬರೆಯಿರಿ. ದಿನಕ್ಕೆ ಚಂದ್ರ ಸುಮಾರು 13 ಡಿಗ್ರಿ ಏರುತ್ತಾನೆ. ಕೃತ್ತಿಕೆಯ ಪಕ್ಕಕ್ಕೆ ಬಂದ ಸಂಜೆಯ ತಿಥಿ ಗುರುತು ಹಾಕಿ. ಆಕಾಶ ಸರಿದಿರುವುದರಿಂದ ಅವರ 1, 3 ಎಂಬ ಅಂಕಿ ಈಗ ಹೊಂದುವುದಿಲ್ಲ. ನಮಗೆ ಅದು ಚೈತ್ರ ಶುದ್ಧ ತದಿಗೆಯಿಂದ ಷಷ್ಠಿಯೊಳಗೆ ಎಲ್ಲೋ ಬೀಳುತ್ತದೆ. ಆದರೆ ಸೂತ್ರದ ಜೀವ ಹಾಗೇ ಇದೆ: ತಡವಾಗಿ ಸೇರಿದ ವರ್ಷ ಅಧಿಕ. 2024ರಲ್ಲಿ ಯುಗಾದಿ ಏಪ್ರಿಲ್ 9ಕ್ಕೆ ಬಂತು, ತದಿಗೆಯ ಹೊತ್ತಿಗೇ ಚಂದ್ರ ಕೃತ್ತಿಕೆಯ ಬಳಿ. ಆ ವರ್ಷ ಅಧಿಕ ಮಾಸವಿಲ್ಲ. 2026ರ ಯುಗಾದಿ ಮಾರ್ಚ್ 19, ಚಂದ್ರ ಕೃತ್ತಿಕೆ ತಲುಪುವುದು ಪಂಚಮಿಗೆ. ಆ ವರ್ಷ ಅಧಿಕ ಜ್ಯೇಷ್ಠ. 2023ರಲ್ಲೂ ಯುಗಾದಿ ಮಾರ್ಚ್ 22ಕ್ಕೇ ಬಿದ್ದು ಅಧಿಕ ಶ್ರಾವಣ ಬಂದಿತ್ತು.

ಮೋಡವಿದ್ದ ಸಂಜೆ ಊಹಿಸಿ ಬರೆಯಬೇಡಿ, 'ಮೋಡ' ಎಂದಷ್ಟೇ ಬರೆದು ಮರುದಿನದ ಅಳತೆ ಹಾಕಿ. ಮುಲ್.ಮುಲ್ ಪುಟದಲ್ಲಿ ಇದಕ್ಕೆಂದೇ ಹತ್ತು ಸಾಲು ಖಾಲಿ ಬಿಟ್ಟಿಡಿ: ಯುಗಾದಿಯ ದಿನಾಂಕ, ತೊಡಕಿನ ಸಂಜೆಯ ಮುಷ್ಟಿ ಲೆಕ್ಕ, ಕೃತ್ತಿಕೆ ಸೇರಿದ ತಿಥಿ, ಕೊನೆಗೆ ಪಂಚಾಂಗ ತೆರೆದು ಅಧಿಕ ಮಾಸ ಇದೆಯೋ ಇಲ್ಲವೋ. ಪಂಚಾಂಗವನ್ನು ಮೊದಲೇ ತೆರೆಯಬೇಡಿ.